ಮುಖ ಕೆಳಗೆ ಮಾಡಿ ಕೇಳಿದ ದೆವ್ವದ ಕಾದಂಬರಿ

ಆ ಪುಸ್ತಕ ನನ್ನ ಕೈಗೆ ಬಂದದ್ದು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು. ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರುಮನೆಯ ಶೈಲಾ, ಬೀದರಿನ ಕಡೆಯವಳು, ಬಾಗಿಲಲ್ಲೇ ನಿಂತು ಎರಡೂ ಕೈಯಿಂದ ಕೊಟ್ಟಳು. "ಮ್ಯಾಲಿನ ಪೇಪರ್ ತೆಗೀಬ್ಯಾಡ್ರಿ ಆಂಟಿ. ಮುಖಪುಟದಾಗಿನ ಕಣ್ಣು ಎಲ್ಲಿ ಇಟ್ರೂ ನಮ್ಮನ್ನ ನೋಡ್ತೈತಿ. ನಮ್ಮತ್ತಿ ಮೂರು ದಿನ ಆತು, ಅಡಗಿ ಮನಿ ಕಡೆ ಹಾಯ್ದಿಲ್ಲ" ಅಂದಳು. ಅವಳ ಅತ್ತೆ ಅಡುಗೆಮನೆ ಕಡೆ ಹಾಯದಿರುವುದಕ್ಕೆ ಬೇರೆ ಕಾರಣಗಳೂ ಇದ್ದವೆಂದು ನನಗೆ ಗೊತ್ತಿತ್ತು. ಆದರೂ ಪಾಪ, ಎಲ್ಲ ತಪ್ಪನ್ನೂ ಕಾದಂಬರಿಯ ತಲೆಗೆ ಕಟ್ಟುವುದು ಮನೆಯ ಶಾಂತಿಗೆ ಒಳ್ಳೆಯದೇ ಎಂದು ತಲೆಯಾಡಿಸಿದೆ.

ಆ ಕಾದಂಬರಿಯ ಸುದ್ದಿ ನಿಮಗೂ ಮುಟ್ಟಿರುತ್ತದೆ. ಹೆಸರು ಹೇಳುವುದಿಲ್ಲ, ಬರೆದವರಿಗೂ ಮನೆಮಂದಿ ಇರುತ್ತಾರೆ. ಹೈದರಾಬಾದಿನ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಸಾಮಾನ್ಯವಾಗಿ ನಡೆಯುವ ಚರ್ಚೆ ಎಂದರೆ ಒಳ್ಳೆಯ ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಎಂಬುದೊಂದೇ. ಅಂಥ ಗುಂಪಿನಲ್ಲೂ ತಿಂಗಳುಗಟ್ಟಲೆ ಇದರದೇ ಮಾತು. ಒಬ್ಬರು ಅರ್ಧಕ್ಕೆ ನಿಲ್ಲಿಸಿ ಪುಸ್ತಕವನ್ನು ಮನೆಯ ಹೊರಗೆ ಚಪ್ಪಲಿ ಸ್ಟ್ಯಾಂಡಿನಲ್ಲಿ ಇಟ್ಟರಂತೆ. ಇನ್ನೊಬ್ಬರು ಓದಿದ ಮೇಲೆ ಕನ್ನಡಿ ನೋಡಿ ಬೈತಲೆ ತೆಗೆಯುವುದನ್ನೇ ಬಿಟ್ಟರಂತೆ. ಹಿಂಬದಿಯ ರಕ್ಷಾಪುಟದಲ್ಲಿ ದಪ್ಪಕ್ಷರದ ಎಚ್ಚರಿಕೆ ಬೇರೆ: ಎದೆ ಗಟ್ಟಿಯಿಲ್ಲದವರು ಇಲ್ಲಿಂದಲೇ ಹಿಂದಿರುಗಬೇಕು.

ನನ್ನ ಎದೆ ಗಟ್ಟಿ ಎಂದು ನಾನೇ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತೇನೆ. ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ನೆಟ್ಟಗೆ ಗೆರೆ ಎಳೆಯುತ್ತ ಆಯಸ್ಸು ಕಳೆದವಳು ನಾನು. ಗೆರೆ ಎಳೆಯುವ ಕೈ ನಡುಗಬಾರದು ಎಂಬುದೇ ನಮ್ಮ ವಿದ್ಯೆ. ಹಲ್ಲಿಯ ವಿಷಯ ಬಿಡಿ, ಅದು ಬೇರೆ ಪ್ರಕರಣ.

ಆದರೆ ಈ ಪುಸ್ತಕ ತರಿಸಿದ್ದು ನನಗಾಗಿ ಅಲ್ಲ, ಅಕ್ಕನಿಗಾಗಿ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಕನ್ನಡ ಶಾಲೆಯಲ್ಲಿ ಲೆಕ್ಕದ ಟೀಚರಾಗಿದ್ದು ನಿವೃತ್ತಳಾದವಳು. ಕಾಚಿಗೂಡದಲ್ಲಿ, ಸ್ಟೇಷನ್ನಿನ ಸೀಟಿ ಅಡುಗೆಮನೆಯವರೆಗೂ ಕೇಳುವ ಒಂದು ಹಳೆಯ ಮನೆಯಲ್ಲಿ ಗಂಡನ ಜೊತೆ ಇದ್ದಾಳೆ. ಅವಳ ಗಂಡನನ್ನು ನಾನು ಮಾಮಾ ಎನ್ನುತ್ತೇನೆ. ಅಕ್ಕನ ಎಡಗಣ್ಣು ಚಿಕ್ಕಂದಿನಲ್ಲೇ ಚಿನ್ನಿದಾಂಡಿನ ಏಟಿಗೆ ಹೋಗಿತ್ತು. ಬಲಗಣ್ಣೊಂದರಿಂದಲೇ ಅವಳು ಮೂವತ್ತು ಚಿಲ್ಲರೆ ವರ್ಷ ಮಕ್ಕಳ ಲೆಕ್ಕ ತಿದ್ದಿದಳು, ಮನೆ ನಡೆಸಿದಳು, ಸಿಕ್ಕಸಿಕ್ಕ ಕಾದಂಬರಿ ಓದಿದಳು. ಈಗ ಆ ಒಂದೇ ಕಣ್ಣಿನ ಹಿಂದಿನ ಪರದೆಯಲ್ಲಿ ಸಣ್ಣ ತೂತು ಬಿದ್ದಿತ್ತು. ನಾಲ್ಕಕ್ಷರದ ಮಾತನ್ನು ನೋಡಿದರೆ ನಡುವಿನ ಎರಡು ಮಾಯ. "ಪುಸ್ತಕಕ್ಕ ನುಸಿ ಹತ್ತಿದಂಗ ಕಾಣಾಕತ್ತೈತಿ ವಿಮಲಿ" ಎಂದು ನಗುತ್ತಲೇ ಹೇಳಿದ್ದಳು.

ಆಪರೇಷನ್ ಮಾಡಿದ ಡಾಕ್ಟರು ಒಳ್ಳೆಯವರು. ಕಣ್ಣೊಳಗೆ ಗಾಳಿಯ ಗುಳ್ಳೆಯಂಥದ್ದನ್ನು ತುಂಬುತ್ತೇವೆ, ಅದು ಒಳಗಿನಿಂದ ತೂತನ್ನು ಒತ್ತಿ ಹಿಡಿದರೆ ತೂತು ಮುಚ್ಚಿಕೊಳ್ಳುತ್ತದೆ ಎಂದು ವಿವರಿಸಿದರು. ಗುಳ್ಳೆ ಯಾವಾಗಲೂ ಮೇಲಕ್ಕೇ ಹೋಗುತ್ತದಲ್ಲ, ಅದಕ್ಕೆ ಎಂಟು ದಿನ ಮುಖ ನೆಲದ ಕಡೆಗೇ ಇರಬೇಕು. ಉಣ್ಣಲು, ಬಚ್ಚಲಿಗೆ ಹೋಗಲು ಮಾತ್ರ ಬಿಡುವು. ತೂತು ಮುಚ್ಚಿದರೆ ಅಕ್ಷರ ಕಾಣುತ್ತವೆ. ಮುಚ್ಚದಿದ್ದರೆ? ಅವರು ಕನ್ನಡಕ ಒರೆಸಿಕೊಳ್ಳುತ್ತ ತೆಲುಗಿನಲ್ಲಿ, "ಗ್ಯಾರಂಟಿ ಇವ್ವಲೇನಮ್ಮಾ" ಎಂದರು. ಕಣ್ಣು ಒಂದೇ, ಗ್ಯಾರಂಟಿ ಇಲ್ಲ. ಅಕ್ಕ ಅದನ್ನು ಕೇಳಿ, ಶಾಲೆಯಲ್ಲಿ ಹಾಜರಿ ಕೂಗಿದಾಗ ಮಕ್ಕಳು ಹೇಳುವ ಧಾಟಿಯಲ್ಲಿ "ಆಗಲ್ರಿ ಸರ್" ಎಂದಳು. ಆಮೇಲೆ ಹೊರಗೆ ಬಂದು ನನ್ನ ತೋಳು ಹಿಡಿದು, "ದೇವರ ಪುಸ್ತಕ ತರಬ್ಯಾಡ. ಅವನ್ನ ಎಲ್ಲಾರೂ ತರ್ತಾರ. ಅಂಜಿಕಿ ಹುಟ್ಟಸೂವಂಥಾದ್ದು ಏನರ ತಗೊಂಡ್ ಬಾ, ಎಂಟೂ ದಿನ ಓದಿ ಹೇಳು" ಅಂದಳು. ಆಗ ನೆನಪಾದದ್ದು ಈ ಕಾದಂಬರಿ.

ಇಲ್ಲಿ ನಮ್ಮ ಮನೆಯ ಒಂದು ಕಾಯಿದೆ ಹೇಳಬೇಕು. ನಾವು ಬೆಳೆದದ್ದು ಅದೇ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ರಾಯಚೂರು ಕಡೆಯಿಂದ ಬಂದು ಅಲ್ಲಿ ಫಿಟ್ಟರ್ ಆಗಿದ್ದರು. ನಮ್ಮ ಸಾಲಿನಲ್ಲಿ ಕನ್ನಡದ ಮನೆಗಳು ಐದು. ಮಧ್ಯಾಹ್ನ ಗಂಡಸರೆಲ್ಲ ಪಾಳಿಗೆ ಹೋದ ಮೇಲೆ ಹೆಂಗಸರು ನಮ್ಮ ಕಟ್ಟೆಗೆ ಬಂದು ಕೂಡುತ್ತಿದ್ದರು, ಸ್ಪಷ್ಟ ದನಿಯ ಅಕ್ಕ ಕಾದಂಬರಿ ಓದುತ್ತಿದ್ದಳು. ಬೇರೆ ಕಥೆಗಳನ್ನು ಹೇಗೆ ಬೇಕಾದರೂ ಕೇಳಬಹುದಿತ್ತು. ದೆವ್ವದ ಕಥೆಯನ್ನು ಮಾತ್ರ ಕೈ ಖಾಲಿ ಇಟ್ಟುಕೊಂಡು ಕೇಳಕೂಡದು ಎಂದು ಅವ್ವನ ಕಟ್ಟಪ್ಪಣೆ. ಸುಮ್ಮನಿರುವ ಕೈಯಿಂದಲೇ ಅಂಜಿಕೆ ಒಳಗೆ ಹೋಗುತ್ತದೆ ಎಂದು ಅವಳ ನಂಬಿಕೆ. ಹೀಗಾಗಿ ದೆವ್ವದ ಕಾದಂಬರಿ ಶುರುವಾಯಿತೆಂದರೆ ಎಲ್ಲರೂ ಮೊರದಲ್ಲಿ ರೇಷನ್ ಅಕ್ಕಿ ಹಾಕಿಕೊಂಡು ಬರುತ್ತಿದ್ದರು, ಕಿವಿ ಕಥೆಗೆ, ಕೈ ಹರಳು ಆರಿಸುವುದಕ್ಕೆ.

ಇದರಿಂದ ಸಾಹಿತ್ಯ ವಿಮರ್ಶೆಗೆ ದೊಡ್ಡ ಅನುಕೂಲವಾಯಿತು. ಕಥೆ ಸಪ್ಪೆಯಾಗಿದ್ದ ದಿನ ಅನ್ನ ಮಲ್ಲಿಗೆ. ಕಥೆ ನಿಜಕ್ಕೂ ಭಯಂಕರವಾಗಿದ್ದ ದಿನ ಅಕ್ಕಿಯ ಮೇಲೆ ಕಣ್ಣು ನಿಲ್ಲುತ್ತಿರಲಿಲ್ಲ. ಅಪ್ಪ ಊಟಕ್ಕೆ ಕೂತು ಎರಡು ತುತ್ತು ತಿನ್ನುವಷ್ಟರಲ್ಲಿ ಕರಕ್ ಎಂದು ಸದ್ದಾಗುತ್ತಿತ್ತು. ಅವರು ದವಡೆ ಹಿಡಿದುಕೊಂಡು, "ಇವತ್ತಿನ ದೆವ್ವ ಛಲೋ ಇತ್ತೇನು?" ಎಂದು ಕೇಳುತ್ತಿದ್ದರು. ಒಂದು ಸಲವಂತೂ ಹರಳು ಕಡಿದು ಅಪ್ಪನ ಹಲ್ಲಿನ ತುದಿಯೇ ಹಾರಿತು. ಆ ಕಾದಂಬರಿಯನ್ನು ಅವ್ವ ಬಹಳ ದಿನ ಅಕ್ಕಪಕ್ಕದವರ ಮುಂದೆ ಹೊಗಳಿದಳು. ಈಗಿನ ಲೇಖಕರ ಅದೃಷ್ಟ ನೆಟ್ಟಗಿಲ್ಲ. ಅಕ್ಕಿ ಪಾಲಿಶ್ ಆಗಿ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಯಾರ ಹಲ್ಲೂ ಹಾರುವುದಿಲ್ಲ, ಕಾದಂಬರಿ ಒಳ್ಳೆಯದೋ ಕೆಟ್ಟದ್ದೋ ತಿಳಿಯುವುದಕ್ಕೆ ವಾಟ್ಸಾಪ್ ಗುಂಪೇ ಗತಿ.

ಆಪರೇಷನ್ ಆದ ಮರುದಿನ ಪುಸ್ತಕ ಹಿಡಿದು ಹೊರಟೆ. ಮಿಯಾಪುರ ಮೆಟ್ರೋದ ಮೊದಲ ನಿಲ್ದಾಣವಾದ್ದರಿಂದ ಕೂರಲು ಜಾಗ ಸಿಗುತ್ತದೆ. ಕೋಠಿಯಲ್ಲಿ ಇಳಿದು ಆಟೋ ಹಿಡಿದೆ. ಗಾಳಿಗೆ ಪೇಪರು ಜಾರಿ ಮುಖಪುಟ ಹೊರಗೆ ಬಂತು. ಆಟೋದವನು ಕನ್ನಡಿಯಲ್ಲಿ ಅದನ್ನು ಎರಡು ಸಲ ನೋಡಿದ, ಮೂರನೆಯ ಸಲ ಆಟೋವನ್ನೇ ನಿಧಾನ ಮಾಡಿದ. "ಅಮ್ಮಾ, ವೋ ಕಿತಾಬ್ ಉಲ್ಟಾ ರಖೋ, ಮೇರೆಕು ದೇಖ್ ರೈ" ಅಂದ. ಪುಸ್ತಕವನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡೆ. ಹೋಗಿ ನೋಡಿದರೆ ಅಲ್ಲಿ ಅಕ್ಕನೂ ಹಾಗೇ ಇದ್ದಳು.

ಮಾಮಾ ರೈಲ್ವೆಯ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವರು. ಮಾತು ಕಡಿಮೆ, ಕೈ ಚುರುಕು. ಆಸ್ಪತ್ರೆಯವರು ಹೇಳಿದ ದಿಂಬು ಅಕ್ಕನ ಕೆನ್ನೆಗೆ ಒತ್ತುತ್ತದೆಂದು ಅವರು ಅವಳ ಹಳೆಯ ಇಳಕಲ್ ಸೀರೆಯನ್ನು ಸುತ್ತಿ ಸುತ್ತಿ, ಬಿಂದಿಗೆ ಹೊರುವವರು ತಲೆಯ ಮೇಲೆ ಇಟ್ಟುಕೊಳ್ಳುತ್ತಾರಲ್ಲ, ಅಂಥ ಒಂದು ದೊಡ್ಡ ಸಿಂಬಿ ಮಾಡಿದ್ದರು. ಅದನ್ನು ಮೇಜಿನ ಅಂಚಿಗೆ ಅರ್ಧ ಹೊರಬರುವಂತೆ ಕಟ್ಟಿ, ಮುಂದೆ ಕುರ್ಚಿ ಹಾಕಿದ್ದರು. ಅಕ್ಕ ಹಣೆಯನ್ನು ಸಿಂಬಿಗೆ ಆನಿಸಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ನೆಲಕ್ಕೆ ಮುಖ ಮಾಡಿ ಕೂತಿದ್ದಳು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಓದತೊಡಗಿದರೆ, "ದನಿ ತಲಿ ಮ್ಯಾಲೆ ಹೊಂಟೈತಿ, ಕೆಳಗ ಕೂಡು" ಅಂದಳು. ನೆಲದ ಮೇಲೆ, ಹೆಚ್ಚುಕಡಿಮೆ ಮೇಜಿನ ಕೆಳಗೇ, ಗೋಡೆಗೆ ಒರಗಿ ಕೂತೆ. ಮೇಲೆ ಅಕ್ಕನ ಮುಖ, ಕೆಳಗೆ ನಾನು. ಅರವತ್ತು ದಾಟಿದವಳು ಮೇಜಿನ ಕೆಳಗೆ ಕೂತು ದೆವ್ವದ ಕಥೆ ಓದುವ ಚಂದವನ್ನು ಯಾರೂ ಫೋಟೋ ತೆಗೆಯಲಿಲ್ಲ, ಪುಣ್ಯ.

ಇನ್ನೇನು ಶುರು ಮಾಡಬೇಕು, ಅಕ್ಕ ಕೈ ಚಾಚಿದಳು. "ಕೈಗೆ ಏನರ ಕೊಡ್ರಿ." ಮಾಮಾ ಮರುಮಾತಿಲ್ಲದೆ ಪುಂಡಿಪಲ್ಯದ ಸೂಡು ತಂದು ಅವಳ ಮಡಿಲಲ್ಲಿ ಹಾಕಿದರು. ಅವಳು ಬೆರಳಲ್ಲೇ ತಡವುತ್ತ ಒಂದೊಂದೇ ಎಲೆ ಬಿಡಿಸತೊಡಗಿದಳು. ಮಾಮಾ ಒಳಗೆ ಹೋಗಿ ಪೇಪರು ಬಿಚ್ಚಿದರು. ಕಾದಂಬರಿ ಮುಗಿಯುವವರೆಗೂ ಅವರು ಅದೇ ಪುಟವನ್ನು ಓದುತ್ತಿದ್ದರು ಎಂದು ನನ್ನ ಅನುಮಾನ. ಏಕೆಂದರೆ ಹಾಳೆ ತಿರುವಿದ ಸಪ್ಪಳವೇ ಇರಲಿಲ್ಲ.

ಕಾದಂಬರಿಯಲ್ಲಿ ಒಂದು ಬಂಗಲೆ. ಮದುವೆಯಾಗಿ ಬಂದ ಹುಡುಗಿ. ಮಾಳಿಗೆಗೆ ಹೋಗುವ ಮೆಟ್ಟಿಲು, ಮಾಳಿಗೆಯಲ್ಲಿ ಬಟ್ಟೆ ಮುಚ್ಚಿದ ಕನ್ನಡಿ. ಅಧ್ಯಾಯಕ್ಕೊಂದು ಸಲ ಕರೆಂಟು ಹೋಗುತ್ತದೆ. ಪುಟಕ್ಕೆರಡು ಸಲ ಯಾರದೋ ಬೆನ್ನು ತಣ್ಣಗಾಗುತ್ತದೆ. "ಇಷ್ಟ ಸಲ ಬೆನ್ನು ತಣ್ಣಗಾದ್ರ ಒಂದು ಶಾಲು ಹೊದಿಬಾರದೇನು?" ಎಂದು ಅಕ್ಕ. ದೆವ್ವ ಇದೆಯೆಂದು ಗೊತ್ತಾದ ಮೇಲೂ ಆ ಮಂದಿ ಮನೆ ಬಿಡುವುದಿಲ್ಲ, ಬದಲಿಗೆ ನೆಂಟರನ್ನು ಕರೆಸುತ್ತಾರೆ. ಎರಡನೆಯ ದಿನ ಅಕ್ಕ ಇದ್ದಕ್ಕಿದ್ದಂತೆ ಕೈ ಎತ್ತಿ ತಡೆದಳು. "ಮೆಟ್ಲಾ ಎಷ್ಟಂದಿ?"

"ಹದಿನಾಕು."

"ನಿನ್ನೆ ಹದಿನೇಳು ಇದ್ದುವು. ಮೂರು ಮೆಟ್ಲಾ ಎಲ್ಲಿ ಹೋದುವು?"

ಹಿಂದಿನ ಪುಟ ತಿರುವಿ ನೋಡಿದೆ. ಹದಿನೇಳೇ. ಬರೆದವರು ಮರೆತಿದ್ದಾರೆ, ಅಷ್ಟೆ. ಆದರೆ ಮೂರು ಮೆಟ್ಟಿಲು ಸದ್ದಿಲ್ಲದೆ ಮಾಯವಾದ ಆ ಮನೆಯನ್ನು ನೆನೆದಾಗ ನನಗೆ ಸಣ್ಣಗೆ ಮೈ ಜುಮ್ಮೆಂದಿತು. ಕಾದಂಬರಿಕಾರರು ಬೇಕೆಂದು ಬರೆದದ್ದರಲ್ಲಿ ಇರದ ಭಯ ತಪ್ಪಿ ಬರೆದದ್ದರಲ್ಲಿತ್ತು. ಒಳಗಿನಿಂದ ಮಾಮಾ ಮೊದಲ ಬಾರಿಗೆ ಬಾಯಿ ಬಿಟ್ಟರು, "ಕಾಂಟ್ರ್ಯಾಕ್ಟರ್ ತಿಂದಿರಬೇಕು."

ಆ ದಿನಗಳಲ್ಲಿ ನನಗೆ ಒಂದು ಬಗೆಯ ಮಂಪರು ಹತ್ತಿತ್ತು. ಬೆಳಗ್ಗೆ ಮೆಟ್ರೋದಲ್ಲಿ ಅಂದಿನ ಪಾಲಿನ ಪುಟಗಳನ್ನು ಮೊದಲೇ ನೋಡಿಕೊಳ್ಳುತ್ತಿದ್ದೆ. ನಾಲ್ಕು ಪುಟಕ್ಕೆ ಕಣ್ಣು ಎಳೆಯುತ್ತಿತ್ತು. ರೈಲು ಮೂರನೆಯ ಮಹಡಿಯ ಎತ್ತರದಲ್ಲಿ ಮನೆಗಳ ಪಕ್ಕಕ್ಕೇ ಹಾಯುತ್ತದಲ್ಲ, ಕಿಟಕಿಯಲ್ಲಿ ಯಾರೋ ಗಡ್ಡ ಹೆರೆದುಕೊಳ್ಳುತ್ತಿರುತ್ತಾರೆ, ಯಾರೋ ಸೀರೆ ಕೊಡವುತ್ತಿರುತ್ತಾರೆ. ಅರೆ ನಿದ್ದೆಯಲ್ಲಿ ಅವರೆಲ್ಲ ಆ ಬಂಗಲೆಯ ಮಾಳಿಗೆಯಲ್ಲೇ ಇದ್ದಂತೆ ಅನ್ನಿಸುತ್ತಿತ್ತು. ಒಮ್ಮೆ ನಮ್ಮ ಕ್ವಾರ್ಟರ್ಸಿನ ಕಟ್ಟೆ ಬಂತು, ಅದರ ಮೇಲೆ ಮೊರಗಳು, ಮೊರದಲ್ಲಿ ಅಕ್ಕಿ, ಹೆಂಗಸರು ಮಾತ್ರ ಯಾರೂ ಇಲ್ಲ. ಅದರಲ್ಲಿ ಹೆದರಿಕೆ ಏನೂ ಇರಲಿಲ್ಲ. ಬಿಸಿಲಲ್ಲಿ ಒಣಗಿದ ಅಕ್ಕಿಯ ವಾಸನೆ ಮಾತ್ರ ಇತ್ತು. ಎಚ್ಚರಾದಾಗ ಮುಂದಿನ ಸೀಟಿನ ಹುಡುಗಿ ನನ್ನ ತೊಡೆಯ ಮೇಲಿನ ಕಣ್ಣಿನ ಮುಖಪುಟ ನೋಡಿ ಬೇರೆ ಕಡೆ ಎದ್ದು ಹೋಗುತ್ತಿದ್ದಳು.

ನ್ಯಾಯ ನ್ಯಾಯವೇ. ಆ ಕಾದಂಬರಿಯಲ್ಲಿ ಒಂದು ಪುಟ ಚೆನ್ನಾಗಿತ್ತು. ಆ ಹುಡುಗಿ ಮಧ್ಯಾಹ್ನ ಮಲಗಿ ಎದ್ದಾಗ ಮನೆಯ ಬಾಗಿಲುಗಳೆಲ್ಲ ಒಂದೊಂದು ಗೇಣು ಪಕ್ಕಕ್ಕೆ ಸರಿದಿರುತ್ತವೆ. ಉಳಿದವರಿಗೆ ಅದು ಗೊತ್ತೇ ಆಗುವುದಿಲ್ಲ, ಅವರು ಸಲೀಸಾಗಿ ಓಡಾಡುತ್ತಾರೆ. ಅವಳು ಮಾತ್ರ ಬಾಗಿಲೆಂದುಕೊಂಡು ಹೋಗಿ ಗೋಡೆ ಮುಟ್ಟುತ್ತಾಳೆ. ಓದುತ್ತ ತಲೆಯೆತ್ತಿದೆ. ಅಕ್ಕನ ಕೈ ನಿಂತಿತ್ತು. ಒಂದು ಎಲೆ ಬೆರಳ ನಡುವೆ ಹಾಗೇ ಉಳಿದಿತ್ತು.

"ಇನ್ನೊಮ್ಮೆ ಓದು" ಅಂದಳು. ಓದಿದೆ. "ಇದು ಖರೇ ಐತಿ" ಎಂದು ಮತ್ತೆ ಎಲೆ ಬಿಡಿಸಲು ತೊಡಗಿದಳು. ಅವಳು ಬಚ್ಚಲಿಗೆ ಹೋಗುವಾಗ ಗೋಡೆ ಸವರುತ್ತ ನಡೆಯುವುದನ್ನು ನಾನು ಮೂರು ದಿನದಿಂದ ನೋಡುತ್ತಿದ್ದೆ. ನಾನು ಒಂದೇ ಸಾಲನ್ನು ಎರಡು ಸಲ ಓದಿದೆ. ಮುಂದಿನ ಪುಟದಲ್ಲಿ ಮತ್ತೆ ಕರೆಂಟು ಹೋದದ್ದರಿಂದ ಸುಧಾರಿಸಿಕೊಂಡೆ.

ಐದನೆಯ ದಿನ ಮಧ್ಯಾಹ್ನ ಅಕ್ಕ ಪುಸ್ತಕವನ್ನು ಈಸಿಕೊಂಡಳು. ಓದಿದ ಹಾಳೆ ಒಂದು ಕಡೆ, ಉಳಿದದ್ದು ಒಂದು ಕಡೆ ಹಿಡಿದು ಬೆರಳಿನಿಂದ ದಪ್ಪ ನೋಡಿದಳು. "ಇಷ್ಟ ಉಳದೈತೇನು?"

"ಇನ್ನೊಂದು ತಾಸಿನ ಓದು."

"ಮೂರು ದಿನ ಅದಾವಲ್ಲ ಇನ್ನ" ಅಂದಳು. ದನಿ ಎಂದಿನಂತೆ ಇರಲಿಲ್ಲ. ಲೆಕ್ಕದ ಟೀಚರ ದನಿಯಲ್ಲ ಅದು.

ಆಗ ನಾನೊಂದು ಕಿತಾಪತಿ ಮಾಡಿದೆ. ಹಾಳೆ ನೋಡುತ್ತಲೇ ಅಲ್ಲಿಲ್ಲದ್ದನ್ನು ಓದತೊಡಗಿದೆ. ಹೇಗಾದರೂ ಮಾಡಿ ಮೂರು ದಿನ ಎಳೆದರಾಯಿತು ಎಂದು ನನ್ನ ಹಂಚಿಕೆ. ಹುಡುಗಿಯನ್ನು ಮೆಟ್ಟಿಲು ಹತ್ತಿಸಿ ತಾರಸಿಗೆ ಕರೆದೊಯ್ದೆ. ಅಲ್ಲಿಂದ ಮುಂದೆ ನನ್ನ ಸ್ವಂತ ಬಂಡವಾಳ ಮುಗಿಯಿತು. ದೆವ್ವ ಹುಟ್ಟಿಸುವುದು ಗೆರೆ ಎಳೆದಷ್ಟು ಸುಲಭವಲ್ಲ. ಕೊನೆಗೆ ಕದಿಯುವುದೇ ಸೈ ಎಂದುಕೊಂಡೆ. ಚಿಕ್ಕಂದಿನಲ್ಲಿ ಅಕ್ಕ ನನಗೆ ಓದಿ ಹೇಳಿದ ಒಂದು ರಟ್ಟು ಕಿತ್ತ ಕಾದಂಬರಿಯಲ್ಲಿ ನೀರಿನ ಟಾಕಿಯ ಹೆಂಗಸು ಎಂದು ಒಂದು ಅಧ್ಯಾಯವಿತ್ತು. ಆಕೆ ಟಾಕಿಯ ನೀರೊಳಗೆ ಕೂತು ಒಂದೊಂದೇ ಮನೆಯ ನಂಬರು ಕೂಗುತ್ತಾಳೆ. ಯಾರ ನಂಬರು ಕೂಗುತ್ತಾಳೋ ಆ ಮನೆಯ ನಲ್ಲಿಯಲ್ಲಿ ಮಾರನೆಯ ದಿನ ಉದ್ದನೆಯ ಕೂದಲು ಬರುತ್ತದೆ. ನಾನು ಕಂಡ ದೆವ್ವಗಳಲ್ಲೆಲ್ಲ ಅದೇ ಮೇಲು. ಅದರ ಹೆಸರು ಗೊತ್ತಿಲ್ಲದೆ ವರ್ಷಗಟ್ಟಲೆ ಕೋಠಿಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಹುಡುಕಿದ್ದೇನೆ. ನೀರಿನ ಟಾಕಿಯದು ಎಂದು ಕೇಳಿದಾಗ ಒಬ್ಬ ಅಂಗಡಿಯವನು, "ಪ್ಲಂಬಿಂಗ್ ಕಾ ಹೈ, ದೇದೂಂ?" ಎಂದು ಪೈಪಿನ ಚಿತ್ರದ ಪುಸ್ತಕ ತೆಗೆದುಕೊಟ್ಟಿದ್ದ. ಆ ಹೆಂಗಸನ್ನೇ ತಂದು ಈ ಬಂಗಲೆಯ ಟಾಕಿಯಲ್ಲಿ ಕೂರಿಸಿದೆ. ಅವಳು ಮೊದಲ ನಂಬರು ಕೂಗಿದಳು.

"ನಿಲ್ಲಸು" ಅಂದಳು ಅಕ್ಕ. "ಈಕಿ ಎಲ್ಲಿಂದ ಬಂದ್ಲು?"

"ಪುಸ್ತಕದಾಗ ಐತಿ."

"ಸುಳ್ಳ ಹೇಳಬ್ಯಾಡ. ಈಕಿನ್ನ ಹುಟ್ಟಿಸಿದಾಕಿ ನಾನು."

ಫ್ಯಾನು ತಿರುಗುತ್ತಿತ್ತು. ನಾನು ಪುಸ್ತಕ ಮುಚ್ಚಿದೆ.

"ಆ ಹರಕ ಪುಸ್ತಕ ನಾಕು ದಿನಕ್ಕ ಮುಗದಿತ್ತು" ಎಂದು ಅಕ್ಕ ನೆಲಕ್ಕೆ ಹೇಳಿದಳು. "ಅವ್ವ ದವಾಖಾನ್ಯಾಗ ಇದ್ಲು. ನೀ ದಿನಾ ಅಳತಿದ್ದಿ. ಈ ಪುಸ್ತಕ ಮುಗಿಯೂದ್ರಾಗ ಅವ್ವ ಬರ್ತಾಳ ಅಂತ ನಿನಗ ಹೇಳಿಬಿಟ್ಟಿದ್ದೆ. ಪುಸ್ತಕ ಮುಗೀತು, ಅವ್ವ ಬರಲಿಲ್ಲ. ಮುಗದೈತಿ ಅಂತ ಹೆಂಗ ಹೇಳಲಿ ನಿನಗ? ಅದಕ್ಕ ಕಡೀ ಹಾಳಿ ನೋಡ್ಕೋತ ದಿನಾ ಒಂದೊಂದು ಹುಟ್ಟಿಸಿದೆ. ನಮ್ಮ ಕ್ವಾರ್ಟರ್ಸಿನ ಟಾಕೀನ ಅದು. ನಂಬರ್ ಎಲ್ಲಾ ನಮ್ಮ ಸಾಲಿನ್ವ."

ನನಗೆ ಆಗ ಏಳು ವರ್ಷ, ಅವಳಿಗೆ ಹದಿಮೂರು. ಆ ಮಧ್ಯಾಹ್ನಗಳು ನನಗೆ ಚೆನ್ನಾಗಿ ನೆನಪಿವೆ, ಅಥವಾ ನೆನಪಿವೆ ಎಂದುಕೊಂಡಿದ್ದೆ. ಮಂಚದ ಕೆಳಗೆ ಚಾಪೆ ಹಾಕಿಕೊಂಡು ನಾವಿಬ್ಬರೇ, ನನ್ನ ಕೈಯಲ್ಲಿ ಅಕ್ಕಿಯ ಸಣ್ಣ ಮೊರ, ಅವಳ ಕೈಯಲ್ಲಿ ಪುಸ್ತಕ. ಅವಳು ಒಂದೇ ಹಾಳೆಯನ್ನು ದಿನವೂ ನೋಡುತ್ತಿದ್ದದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ನಾನು ಟಾಕಿಯ ಹೆಂಗಸಿಗೆ ಹೆದರಿ ಅಳುವುದನ್ನು ಮರೆತಿದ್ದೆ. ಅವಳು ಯಾವುದಕ್ಕೆ ಹೆದರಿದ್ದಳೋ ಅದನ್ನು ಯಾರಿಗೂ ಹೇಳಿರಲಿಲ್ಲ. ಮೂರು ವಾರದ ಮೇಲೆ ಒಂದು ದಿನ ಅಪ್ಪ ಪಾಳಿಯ ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಯಿಂದ ಒಬ್ಬರೇ ಬಂದರು. ಅವ್ವ ತೀರಿಹೋಗಿದ್ದಳು. ಆ ಪುಸ್ತಕ ಆಮೇಲೆ ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ.

ನನಗೆ ಅಳು ಬಂತು. ಐವತ್ತೈದು ವರ್ಷ ತಡವಾಗಿ, ಮೇಜಿನ ಕೆಳಗೆ ಕೂತು ಅತ್ತೆ. ಅವ್ವನಿಗಾಗಿ ಅಲ್ಲ. ಮುಗಿದ ಪುಸ್ತಕದ ಕಡೆಯ ಹಾಳೆ ಹಿಡಿದುಕೊಂಡು ಕೂತಿದ್ದ ಹದಿಮೂರು ವರ್ಷದ ಆ ಹುಡುಗಿಗಾಗಿ ಅತ್ತೆ.

ಅಕ್ಕ ಕೈ ಇಳಿಸಿ ನನ್ನ ತಲೆ ಹುಡುಕಿ ಮುಟ್ಟಿದಳು. "ಎಳದ್ರ ಏನೂ ಆಗಂಗಿಲ್ಲ ವಿಮಲಿ. ನಾ ಎಳದು ನೋಡೀನಿ. ಈ ಸಲ ಇದ್ದಷ್ಟು ಓದಿ ಮುಗಸು."

ಮೂಗು ಒರೆಸಿಕೊಂಡು ಓದಿದೆ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹುಡುಗಿ ಕನ್ನಡಿಯ ಬಟ್ಟೆ ಎಳೆದಳು. ಕನ್ನಡಿ ಒಡೆಯಿತು. ಎಲ್ಲರೂ ಬದುಕಿದರು. ಕೊನೆಯ ಸಾಲಿನಲ್ಲಿ ಒಂದು ಗಾಜಿನ ಚೂರಿನೊಳಗೆ ಯಾರೋ ಕಣ್ಣು ತೆರೆದರು, ಎಂದರೆ ಎರಡನೆಯ ಭಾಗ ಬರಲಿದೆ.

"ಮುಗೀತೇನು?"

"ಮುಗೀತು."

"ಅಂಜಿಕಿ ಬಂತೇನು ನಿನಗ?"

"ಇಲ್ಲ. ನಿನಗ?"

"ಪುಸ್ತಕದ್ದು ಬರಲಿಲ್ಲ" ಅಂದಳು. ಸ್ಟೇಷನ್ನಿನಲ್ಲಿ ಯಾವುದೋ ಗಾಡಿ ಹೊರಟಿತು. ಅವಳ ಮಡಿಲಲ್ಲಿ ಎಲೆ ಬಿಡಿಸುವುದು ಮುಗಿದಿತ್ತು, ಕೈಗಳು ಖಾಲಿ ಇದ್ದವು. "ಕಣ್ಣಿಂದು ಅಂಜಿಕಿ ಆಗಾಕತ್ತೈತಿ ನನಗ. ಭಾಳ ಅಂಜಿಕಿ ಆಗಾಕತ್ತೈತಿ."

ಅಕ್ಕನ ಬಾಯಿಂದ ಆ ಮಾತನ್ನು ನಾನು ಹಿಂದೆ ಕೇಳಿರಲಿಲ್ಲ. ಏನೂ ಆಗುವುದಿಲ್ಲ, ಧೈರ್ಯವಾಗಿರು ಎಂದು ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ ಮಾತು. "ನನಗೂ ಆಗೈತಿ ಅಕ್ಕಾ."

ಒಳಗಿನಿಂದ ಪೇಪರು ಮಡಚಿದ ಸಪ್ಪಳ ಕೇಳಿಸಿತು. "ನನಗೂ" ಅಂದರು ಮಾಮಾ.

ಉಳಿದ ಮೂರು ದಿನ ನಾವು ಏನೂ ಓದಲಿಲ್ಲ. ಮಾಮಾ ತಾವೂ ಬಂದು ನೆಲದ ಮೇಲೆ ಕೂತರು. ಅವ್ವನ ಮಾತು, ಕ್ವಾರ್ಟರ್ಸಿನ ಮಾತು, ಟಾಕಿಯ ಹೆಂಗಸಿನ ಮಾತು. ಅಂಜಿಕೆ ಹೋಗಲಿಲ್ಲ, ನಮ್ಮ ಜೊತೆಗೇ ಕೂತಿತ್ತು. ಆದರೆ ಒಬ್ಬರಿಂದೊಬ್ಬರು ಬಚ್ಚಿಡುವ ಕೆಲಸ ತಪ್ಪಿದ್ದರಿಂದ ಮೂವರಿಗೂ ಒಳ್ಳೆಯ ನಿದ್ದೆ ಬರುತ್ತಿತ್ತು, ಮಧ್ಯಾಹ್ನವೇ.

ಪುಸ್ತಕವನ್ನು ಶೈಲಾಗೆ ಹಿಂದಿರುಗಿಸಿದೆ. ಹೇಗಿತ್ತು ಎಂದು ಗುಂಪಿನಲ್ಲಿ ಕೇಳಿದವರಿಗೆ, ಬಾಗಿಲು ಸರಿಯುವ ಪುಟವೊಂದು ಚೆನ್ನಾಗಿದೆ, ಮೂರು ಮೆಟ್ಟಿಲು ಕಡಿಮೆ ಇವೆ, ಉಳಿದದ್ದನ್ನು ಅಕ್ಕಿ ಆರಿಸುತ್ತ ಕೇಳಿದರೆ ಅಪ್ಪನ ಹಲ್ಲಿಗೆ ಏನೂ ಅಪಾಯವಿಲ್ಲ ಎಂದು ಬರೆದೆ. ಯಾರಿಗೂ ಅರ್ಥವಾಗಲಿಲ್ಲ. ಒಬ್ಬರು ಮಾತ್ರ ಕೈ ಮುಗಿದ ಚಿತ್ರ ಕಳಿಸಿದರು.

ಒಂಬತ್ತನೆಯ ದಿನ ಡಾಕ್ಟರು ನೋಡಿ, ತೂತು ಮುಚ್ಚಿದಂತಿದೆ, ಆದರೆ ಗುಳ್ಳೆ ಕರಗುವವರೆಗೆ ಎಷ್ಟು ಕಾಣುತ್ತದೆಂದು ಹೇಳಲಾಗದು ಎಂದರು. ಗುಳ್ಳೆ ಕರಗುವ ರೀತಿ ವಿಚಿತ್ರ. ನೋಟದಲ್ಲಿ ಮೇಲಿನಿಂದ ಕೆಳಕ್ಕೆ ದಿನಕ್ಕಿಷ್ಟು ತಿಳಿಯಾಗುತ್ತ ಬರುತ್ತದೆ, ಕೆಳಗಿನದೆಲ್ಲ ತುಳುಕುವ ನೀರು. ಅಕ್ಕನಿಗೆ ಮೊದಲು ಫ್ಯಾನು ಕಂಡಿತು. ಆಮೇಲೆ ಬಾಗಿಲಿನ ಮೇಲ್ಪಟ್ಟಿ. ಅವಳು ದಿನವೂ ಮಾಮಾನನ್ನು ಎದುರಿಗೆ ಸ್ಟೂಲಿನ ಮೇಲೆ ಕೂರಿಸಿಕೊಂಡು ನೋಡಿ, ನನಗೆ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದಳು. "ಇವತ್ತ ಬಕ್ಕ ತಲಿ ಪೂರ್ತಿ ಕಂಡತು." "ಇವತ್ತ ಹುಬ್ಬಿನ ತನಕ ಬಂದಾರ."

ಮೂರನೆಯ ವಾರ ಒಂದು ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಮಾಮಾ ಎಂದಿನಂತೆ ಬಂದು, ಶರ್ಟಿನ ಗುಂಡಿ ಸರಿಮಾಡಿಕೊಂಡು, ಫೋಟೋ ತೆಗೆಸಿಕೊಳ್ಳುವವರ ಹಾಗೆ ನೆಟ್ಟಗೆ ಕೂತರು. ಅಕ್ಕ ತಲೆ ಸ್ವಲ್ಪ ಓರೆ ಮಾಡಿದಳು, ಸರಿ ಮಾಡಿದಳು. ನೀರಿನ ಗೆರೆ ಅವರ ಗದ್ದದ ಕೆಳಗೆ ಇಳಿದಿತ್ತೆಂದು ಕಾಣುತ್ತದೆ. ಹಣೆಯಿಂದ ಗದ್ದದವರೆಗೆ ಒಂದೊಂದೇ ನೋಡಿದಳು. ಆಮೇಲೆ ಅವಳು ಎರಡೂ ಕೈ ಚಾಚಿ ಅವರ ಕೆನ್ನೆ ಹಿಡಿದಳು.

"ಅಯ್ಯ, ಎಷ್ಟ ಸೊರಗೀರಿ ನೀವು! ಇಷ್ಟ ದಿನಾ ಊಟಾನ ಮಾಡಿಲ್ಲೇನ್ರಿ?"

ಮಾಮಾ ಅವಳ ಕೈಗಳನ್ನು ಹಾಗೇ ತಮ್ಮ ಕೆನ್ನೆಗೆ ಒತ್ತಿ ಹಿಡಿದರು.